ವಿಲಾಯತಿ ಪೈಪು

"ಹಾಂ, ಆರತಿ ಬೆಳಗ" ಎಂದರು ರಾವಸಾಹೇಬರು, ಹತ್ತು ಹೆಜ್ಜೆ ದೂರದಿಂದ.

ಅವರ ಹೆಂಡತಿ ಶಿವಗಂಗವ್ವ ಉರಿಯುವ ಆರತಿ ತಟ್ಟೆ ಹಿಡಿದು ಕರಿ ಮೋಟಾರಿನ ಮುಂದೆ ನಿಂತಿದ್ದಳು. ಪಾಲಬಾವಿಯಲ್ಲಿ ಅಂದು ಖಂಡೇನವಮಿ. ನೇಗಿಲು, ಕುಡುಗೋಲು, ಪಂಪ್‌ಸೆಟ್ಟು ಎಲ್ಲದರ ಪೂಜೆ ಮುಗಿದು ಕೊನೆಗೆ ಮೋಟಾರಿನ ಸರದಿ ಬಂದಿತ್ತು. ಬಾನೆಟ್ಟಿನ ಮೇಲೆ ವಿಭೂತಿ, ಚೆಂಡುಹೂವಿನ ಮಾಲೆ, ನಾಲ್ಕೂ ಗಾಲಿಗೆ ಒಂದೊಂದು ನಿಂಬೆಹಣ್ಣು. ಎಲ್ಲ ಸರಿಯಾಗಿಯೇ ಇತ್ತು. ಕೆಳಗಿನಿಂದ ಬರುತ್ತಿದ್ದ ಪೆಟ್ರೋಲಿನ ವಾಸನೆ ಊದುಬತ್ತಿಯನ್ನೂ ಮೀರಿಸಿತ್ತು, ಅಷ್ಟೇ.

ಆ ಮೋಟಾರು ಅವಳ ಮಾವನವರು ಐವತ್ತೆರಡನೆಯ ಇಸವಿಯಲ್ಲಿ ಕೊಲ್ಲಾಪುರದಿಂದ ತಂದದ್ದು. ಈಗ ಎಂಬತ್ತಾರನೆಯ ಇಸವಿ. ಪೆಟ್ರೋಲ್ ಪೈಪು ಬಿರುಕು ಬಿಟ್ಟೇ ವರ್ಷವಾಗಿತ್ತು. ಸೋರಿದಾಗಲೆಲ್ಲ ರಾವಸಾಹೇಬರು ಬಚ್ಚಲಿನಿಂದ ಸಾಬೂನು ತಂದು ನಾದಿ ಬಿರುಕಿಗೆ ಮೆತ್ತುತ್ತಿದ್ದರು. ಆ ಮನೆಯಲ್ಲಿ ಮನುಷ್ಯರಿಗಿಂತ ಮೋಟಾರಿಗೇ ಹೆಚ್ಚು ಸಾಬೂನು ಸವೆಯುತ್ತಿತ್ತು. ಹಿಂದಿನ ದಿನ ರಾಯಬಾಗದ ಗ್ಯಾರೇಜಿನ ಮಿಸ್ತ್ರಿ ಮೌಲಾಲಿ ಬಂದು, ಕೆಳಗೆ ಮಲಗಿ ನೋಡಿ, ಎದ್ದು ಕೈಮುಗಿದಿದ್ದ.

"ಸಾವಕಾರ್ರ, ಪೈಪ ಬದಲ ಮಾಡೂಣ್ರಿ. ಸಬಕಾರ ಎಷ್ಟ ದಿನಾ ತಡೀತೈತ್ರಿ?"

"ಏ ಮೌಲಾಲಿ, ಅದು ವಿಲಾಯತಿ ಪೈಪ. ಅಪ್ಪಾ ಇದ್ದಾಗಿಂದ ಐತಿ. ಅದನ್ನ ತಗದ ಒಗದ್ರ ಇದು ಅಪ್ಪನ ಗಾಡಿ ಹೆಂಗಾಗತೈತಿ?"

"ಅದಕ್ಕ ಮೂರ ಕಡೆ ಸೈಕಲ್ ಟ್ಯೂಬ್ ಸುತ್ತೈತ್ರಿ. ಅದೂ ವಿಲಾಯತಿಂದನ ಬಂದಿತ್ತೇನ್ರಿ?"

ವಿಲಾಯತಿಯ ವಿಷಯದಲ್ಲಿ ಚೇಷ್ಟೆ ಮಾಡಿದವರನ್ನು ರಾವಸಾಹೇಬರು ಚಹಾ ಕುಡಿಸದೆ ಕಳಿಸುತ್ತಿದ್ದರು. ಮೌಲಾಲಿಯನ್ನೂ ಹಾಗೆಯೇ ಕಳಿಸಿದ್ದರು.

ಆದರೂ ಅವನು ಇಂದು ಬಂದಿದ್ದ. ಬಗಲಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಒಂದು. ಬಂದವನೇ ಬಗ್ಗಿ ಮೋಟಾರಿನ ಕೆಳಗೆ ನೋಡಿ ಕೂಗಿಕೊಂಡ: "ಅವ್ವಾರ, ಅಲ್ಲೇ ನಿಂದರ್ರಿ! ಹನಿಹನಿ ಬೀಳಾಕತ್ತೈತಿ. ಬೆಂಕಿ ಮುಂದ ಒಯ್ಯಬ್ಯಾಡ್ರಿ!"

"ಏನೂ ಆಗಂಗಿಲ್ಲ." ರಾವಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. "ಮುಂಜಾನೆನ ಸಬಕಾರ ಹಚ್ಚೇನಿ." ಇನ್ನೊಂದು ಹೆಜ್ಜೆ. "ನಾ ಹೇಳಾಕತ್ತೇನಿ, ನೀ ಬೆಳಗ." ಅಷ್ಟರಲ್ಲಿ ಬೆನ್ನಿಗೆ ತುಳಸಿಕಟ್ಟೆ ತಾಗಿತು. ಹಬ್ಬಕ್ಕೆ ಬಂದಿದ್ದ ನೆಂಟರು ಯಜಮಾನರಿಗೆ ಮರ್ಯಾದೆ ಕೊಟ್ಟು ಕಟ್ಟೆಯ ಆಚೆಗೇ ಸರಿದು ನಿಂತರು.

ಸರಿಯಲಾಗದವಳು ತಟ್ಟೆ ಹಿಡಿದವಳೊಬ್ಬಳೇ. ಮೈಮೇಲೆ ಹೊಸ ಇಳಕಲ್ಲ ಸೀರೆ, ಕೈಯಲ್ಲಿ ಐದು ಬತ್ತಿಯ ಬೆಂಕಿ, ಮುಂದೆ ಪೆಟ್ರೋಲು. ಇವತ್ತಿನ ಪೂಜೆ ಮೋಟಾರಿನದೋ ತನ್ನದೋ ಎಂದು ಅವಳಿಗೆ ಅನುಮಾನ ಬಂತು. ಆದರೆ ಬಂದ ಮಂದಿಯ ಎದುರು ಗಂಡನ ಮಾತು ಮೀರಿದಳೆಂಬ ಹೆಸರೂ ಬೇಡವಾಗಿತ್ತು. ಮೆತ್ತಗೆ ಹೇಳಿದಳು:

"ಆತ್ರಿ, ಬೆಳಗತೇನಿ. ನೀವು ಒಳಗ ಕುಂದರ್ರಿ."

"ಎಲ್ಲಿ ಒಳಗ?"

"ಗಾಡ್ಯಾಗರಿ. ವರ್ಷಾ ವರ್ಷಾ ತಲಿಗೆ ಪಟಕಾ ಸುತ್ತಿ ಸ್ಟೇರಿಂಗ್ ಹಿಡಕೊಂಡ ಕುಂದರತಿದ್ರಿ, ನಾ ಬೆಳಗತಿದ್ನಿ. ಈ ಸಲ ಮರತ್ರೇನ್ರಿ?"

ನೆಂಟರಿಗೆ ಈ ಮಾತು ಬಹಳ ಹಿಡಿಸಿತು. "ಹೌದ್ ಹೌದ, ಕುಂದರ್ರಿ ಸಾವಕಾರ್ರ, ಏನೂ ಆಗಂಗಿಲ್ಲಂತಲ್ಲ!" ಎಂದರು ಕಟ್ಟೆಯ ಆಚೆಯಿಂದಲೇ. ಒಬ್ಬ ಉತ್ಸಾಹಿ ಓಡಿ ಬಂದು ಮೋಟಾರಿನ ಬಾಗಿಲು ತೆಗೆದು, ಬಂದದ್ದಕ್ಕಿಂತ ಜೋರಾಗಿ ವಾಪಸು ಓಡಿದ.

ರಾವಸಾಹೇಬರು ತೆರೆದ ಬಾಗಿಲು ನೋಡಿದರು. ಐದು ಬತ್ತಿ ನೋಡಿದರು. ಮುಂದಿನ ಗಾಲಿಯ ಹತ್ತಿರ ಒದ್ದೆಯಾಗಿದ್ದ ಅಂಗೈಯಗಲದ ನೆಲ ನೋಡಿದರು. ಕೆಮ್ಮಿದರು.

"ಮೌಲಾಲಿ, ಆ ಪೈಪ ಬದಲ ಮಾಡಾಕ ಎಷ್ಟೊತ್ತ ಬೇಕೋ?"

"ಅರ್ಧಾ ತಾಸ ಸಾಕ್ರಿ."

"ಆದ್ರ ಇವತ್ತ ಹಬ್ಬ. ಅಂಗಡಿ ಎಲ್ಲಿ ತಗದಿರತಾವ..."

ಮೌಲಾಲಿ ಬಗಲಲ್ಲಿದ್ದ ಪೇಪರು ಬಿಚ್ಚಿದ. ಒಳಗೆ ಹೊಸ ತಾಮ್ರದ ಪೈಪು ಫಳಫಳ ಹೊಳೆಯಿತು. ನಿನ್ನೆ ಅವನು ಚಹಾ ಇಲ್ಲದೆ ಹೊರಟಾಗ ಹಿತ್ತಲ ಬಾಗಿಲಿನಿಂದ ಕರೆದು, ಚಹಾ ಕುಡಿಸಿ, ಪೈಪು ತರಲು ಹೇಳಿ ಕಳಿಸಿದವಳು ಶಿವಗಂಗವ್ವ. ಈಗ ಅವಳು ದೂರ ಹೋಗಿ ಆರತಿ ಶಾಂತ ಮಾಡಿ ಕುಳಿತಳು. ಮೂವತ್ತನಾಲ್ಕು ವರ್ಷ ತಾಳಿದ ವಿಲಾಯತಿ, ಮೌಲಾಲಿಯ ಕೈಯಲ್ಲಿ ಮೂರು ತುಂಡಾಗಿ ಹೊರಗೆ ಬಂತು. ಅವನು ಹೊಸದನ್ನು ಕೂಡಿಸಿ, ಒದ್ದೆ ನೆಲದ ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿ, ಇಂಜಿನ್ ಚಾಲೂ ಮಾಡಿದ. ಪೈಪಿನುದ್ದಕ್ಕೂ ಬೆರಳಾಡಿಸಿ ಎತ್ತಿ ತೋರಿಸಿದ. ಬೆರಳಿಗೆ ಪಸೆ ಅಂಟಿರಲಿಲ್ಲ.

ರಾವಸಾಹೇಬರ ದನಿಯೂ ವಾಪಸು ಬಂತು. "ನಾ ನಿನ್ನೆನ ಅಂದಿದ್ನಿ, ಪೈಪ ಬದಲ ಮಾಡಸೂಣು ಅಂತ. ಈ ಹೆಂಗಸರಿಗೆ ಆರತೀದ ಅವಸರ. ನಮ್ಮ ಮಾತ ಎಲ್ಲಿ ಕೇಳತಾರ?" ಹೆಂಗಸರ ಅವಸರದ ಬಗ್ಗೆ ನೆಂಟರೆಲ್ಲ ಒಕ್ಕೊರಲಿನಿಂದ ಮರುಗಿದರು. ಪೈಪಿನ ತುಂಡು ಹಿಡಿದು ನಿಂತ ಮೌಲಾಲಿ ಕೆಮ್ಮು ಬಂದವನಂತೆ ಆಚೆ ತಿರುಗಿದ.

ಶಿವಗಂಗವ್ವ ಬತ್ತಿಗೆ ಮತ್ತೆ ಎಣ್ಣೆ ಹಾಕಿ ಹಚ್ಚಿಕೊಂಡು ಬಂದಳು. ರಾವಸಾಹೇಬರು ಪಟಕಾ ಸರಿಮಾಡಿಕೊಂಡು, ಸ್ಟೇರಿಂಗ್ ಹಿಡಿದು, ಎದೆ ಉಬ್ಬಿಸಿ ಕುಳಿತರು. ಅವಳು ತಟ್ಟೆ ಎತ್ತಿದಳು. ಬೇಕೆಂದೇ ನಿಧಾನವಾಗಿ ಬೆಳಗಿದಳು, ಒಂದು ಸುತ್ತು, ಎರಡು ಸುತ್ತು. ಯಜಮಾನರ ಮುಖದಲ್ಲಿ ನಗೆ ಇತ್ತು. ಮೋಟಾರಿನ ಬಾಗಿಲು ಮಾತ್ರ ಅರ್ಧ ತೆರೆದೇ ಇತ್ತು, ಮತ್ತು ಅವರ ಬಲಗಾಲು ಹೊರಗೆ ನೆಲದ ಮೇಲೆ ಗಟ್ಟಿಯಾಗಿ ಊರಿತ್ತು.