ಮೆತ್ತಗಾದ ಖಡಕ್ ರೊಟ್ಟಿ

ನೀಲವ್ವ ರೊಟ್ಟಿ ಮುರಿದಳು. ಸದ್ದಾಗಲಿಲ್ಲ. ಒದ್ದೆ ಬಟ್ಟೆಯಂತೆ ಅದು ಬೆರಳ ಮೇಲೆ ಜೋತುಬಿತ್ತು.

ಎರಡು ತಿಂಗಳ ಪ್ರವಾಸಕ್ಕೆಂದು ನಿಡೋಣಿ ಊರಿನಲ್ಲಿರುವ ಅಕ್ಕ ಮುರಿಗೆವ್ವ ನೂರು ಖಡಕ್ ರೊಟ್ಟಿ ಬಡಿದು ಕಟ್ಟಿಕೊಟ್ಟಿದ್ದಳು. ಊರಿನ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಅಂಡಮಾನಿನ ಗಾಳಿಗೆ ಹತ್ತೇ ದಿನದಲ್ಲಿ ಮೆತ್ತಗಾಗಿಬಿಟ್ಟಿತ್ತು. ಬಾಡಿಗೆಯ ಹಾಯಿದೋಣಿಯಲ್ಲಿ ಇರುವವರು ಇಬ್ಬರೇ. ನೌಕಾಪಡೆಯಿಂದ ನಿವೃತ್ತನಾದ ಗಂಡ ಅಮರಪ್ಪನಿಗೆ ನೀರು, ದ್ವೀಪ ಕಂಡರೆ ಸಾಕು, ಮಾತೂ ಬೇಕಾಗುತ್ತಿರಲಿಲ್ಲ.

"ಸಮುದ್ರಕ್ಕ ಒಗಿ. ಅನ್ನಾ ಉಣ್ಣೂಣು," ಎಂದ, ಚುಕ್ಕಾಣಿ ಹಿಡಿದು, ತಿರುಗಿಯೂ ನೋಡದೆ.

ಮಧ್ಯಾಹ್ನ ದ್ವೀಪವೊಂದರ ಹತ್ತಿರ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ನೀಲವ್ವ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಯಕ್ಕಾ, ಒಂದ ರೊಟ್ಟಿ ಮುರಿ. ಫೋನಿನ ಹತ್ರ ಹಿಡದ ಮುರಿ."

"ಹುಚ್ಚ ಹಿಡದೈತೇನ ನಿನಗ?" ಮುರಿಗೆವ್ವ ಬೈದಳು. ಬೈಯುತ್ತಲೇ ರೊಟ್ಟಿಯ ಬುಟ್ಟಿ ಎಳೆದದ್ದು ಕೇಳಿಸಿತು.

ಕಟಕ್!

ನೀಲವ್ವ ಕಣ್ಣು ಮುಚ್ಚಿಕೊಂಡಳು. ಚುಕ್ಕಾಣಿಯ ಕಡೆಯಿಂದ ಗಂಡನ ದನಿ ಬಂತು. ಈ ಸಲ ಅವನು ಇತ್ತ ತಿರುಗಿದ್ದ.

"ಇನ್ನೊಂದ ಮುರಿಯಾಕ ಹೇಳ ಅಕೀಗೆ."