ಹತ್ತು ಸೆಕೆಂಡಿನ ಕ್ಲಾಸು

ಓರ್ವಿಲ್ ತಮ್ಮ ಕಾರನ್ನು ರೇಸಿನ ಹತ್ತು ಸೆಕೆಂಡಿನ ಕ್ಲಾಸಿಗೆ ಸೇರಿಸಿ ಬಂದಿದ್ದಾನೆಂಬುದು ವೆಂಡೆಲ್‌ಗೆ ತಿಳಿದದ್ದು ಬೇರೆಯವರ ನಗುವಿನಿಂದ.

ನೋಂದಣಿಯ ಕಿಟಕಿಯ ಬಳಿ ಕಾಫಿ ಹಿಡಿದು ನಿಂತಿದ್ದವರಲ್ಲೊಬ್ಬ ಕೇಳಿದ: "ಏನಪ್ಪಾ ವೆಂಡೆಲ್, ಹಾಲಿನ ಗಾಡಿ ಓಡಿಸ್ತೀಯಂತೆ?"

ವೆಂಡೆಲ್ ಅರ್ಥವಾಗದೆ ತಾನೂ ನಕ್ಕ. ಅರ್ಥವಾದಾಗ ಕಿವಿ ಬಿಸಿಯಾಯಿತು.

ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನ ಆ ನೇರ ರೇಸ್ ಟ್ರ್ಯಾಕಿನಲ್ಲಿ ಹಳೇ ಮಾದರಿಯ ಕಾರುಗಳಿಗೆ ಇದ್ದದ್ದು ಎರಡೇ ಕ್ಲಾಸು. ಮುಕ್ತ ಕ್ಲಾಸಿನಲ್ಲಿ ಕಾಲು ಮೈಲಿಯಾಚೆಯ ಗೆರೆಯನ್ನು ಮೊದಲು ದಾಟಿದವರು ಗೆದ್ದಂತೆ. ಇನ್ನೊಂದರಲ್ಲೂ ಹಾಗೆಯೇ, ಆದರೆ ಹತ್ತು ಸೆಕೆಂಡಿಗಿಂತ ಬೇಗ ದಾಟಿದರೆ ಸೋಲು. ಬೇಗ ಓಡಿದರೆ ಸೋಲುವುದು ಎಂಥ ಓಟ ಎಂದು ವೆಂಡೆಲ್‌ನೇ ಎಷ್ಟೋ ಸಲ ಗೇಲಿ ಮಾಡಿದ್ದ. ಮುಕ್ತ ಕ್ಲಾಸಿನಲ್ಲಿ ಓಡುತ್ತೇನೆಂದು ಊರಿಗೆಲ್ಲ ಸಾರಿದ್ದ. ಅವನ ತಂಗಿಯ ಮನೆಯವರೆಲ್ಲ ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ಜಾಗ ಹಿಡಿದು ಕೂತಿದ್ದರು.

ಓರ್ವಿಲ್ ಕೊಯ್ಲು ಯಂತ್ರಗಳ ಮೆಕ್ಯಾನಿಕ್. ವೆಂಡೆಲ್ ಕೌಂಟಿಯ ರಸ್ತೆ ಕೆಲಸದಿಂದ ನಿವೃತ್ತನಾದವನು. ಇಬ್ಬರೂ ಶಾಲೆಯಿಂದ ಗೆಳೆಯರು. ಚಳಿಗಾಲಗಳನ್ನೆಲ್ಲ ಓರ್ವಿಲ್‌ನ ಶೆಡ್ಡಿನಲ್ಲಿ ಕಳೆದು ಆ ಕಾರನ್ನು ಕಟ್ಟಿದ್ದರು. ಉದ್ದನೆಯ ಕೊಳವೆಗಳ ಮೈ, ಎದುರಿಗೆ ಬೆತ್ತಲೆ ಇಂಜಿನ್, ಅದರ ಬೆನ್ನಿಗೆ, ಹಿಂದಿನ ಚಕ್ರಗಳ ನಡುವೆ ಚಾಲಕನ ಸೀಟು. ಓರ್ವಿಲ್‌ನ ಹೊಟ್ಟೆ ಆ ಸೀಟಿನಲ್ಲಿ ಹಿಡಿಸಲಿಲ್ಲ. ಹೀಗಾಗಿ ಓಡಿಸುವ ಭಾಗ್ಯ ವೆಂಡೆಲ್‌ನದಾಯಿತು.

ಆದರೆ ಕಾರು ಓಡಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಅದೇ ಕಥೆ. ಅರ್ಧ ದಾರಿ ಬಾಣದಂತೆ ಹೋಗುವುದು, ಆಮೇಲೆ ಉಸಿರು ಬಿಟ್ಟಂತೆ ಸೊರಗುವುದು. ಇಂಧನ ಸರಿಯಾಗಿ ಹೋಗುತ್ತಿಲ್ಲ, ತಪ್ಪು ತನ್ನದೇ, ಸರಿಮಾಡುತ್ತೇನೆ ಎಂದು ಓರ್ವಿಲ್ ಪ್ರತಿ ಸಲ ಹೇಳುತ್ತಿದ್ದ. ಬೇರೆ ಮೆಕ್ಯಾನಿಕ್ಕುಗಳು ನೋಡುತ್ತೇವೆಂದರೆ ಬೇಡವೆನ್ನುತ್ತಿದ್ದ. ಕಾರ್ಬುರೇಟರ್ ಮುಟ್ಟಲು ಬಂದವನ ಕೈಯನ್ನು ಒಮ್ಮೆ ತಳ್ಳಿಯೇಬಿಟ್ಟಿದ್ದ. ಇವತ್ತು ಬೆಳಗಿನ ಓಟವೂ ಹಾಗೆಯೇ ಸೊರಗಿತ್ತು.

ಈಗ ವೆಂಡೆಲ್‌ಗೆ ಎಲ್ಲ ತಾಳೆಯಾದಂತೆ ಕಂಡಿತು. ನೇರವಾಗಿ ಕಾರಿನ ಬಳಿಗೆ ನಡೆದ. ನಗುತ್ತಿದ್ದವರೂ ಹಿಂದೆಯೇ ಬಂದರು.

"ಸೀಟು ನಿನಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು, ಅಲ್ವಾ?" ಎಂದ. "ಇಂಜಿನ್‌ಗೆ ನೀನೇ ಏನೋ ಮಾಡಿದೀಯ. ನಾನು ಗೆಲ್ಲೋದನ್ನ ನೋಡೋಕೆ ನಿನಗಾಗಲ್ಲ."

ಓರ್ವಿಲ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೊರಳು ಕೆಂಪಾಗಿತ್ತು. "ಹಾಗೇ ಅಂದ್ಕೋ," ಎಂದ.

ಅದು ತಪ್ಪೊಪ್ಪಿಗೆಯಂತೆಯೇ ಕೇಳಿಸಿತು. ಗುಂಪಿನಲ್ಲಿ ಯಾರೋ ಛೀ ಎಂದರು.

ಡಾರ್ಲಾ ನೊವಾಟ್ನಿ ಮುಂದೆ ಬಂದಳು. ಮುಕ್ತ ಕ್ಲಾಸಿನಲ್ಲಿ ವರ್ಷಗಳಿಂದ ಓಡಿಸುತ್ತಿದ್ದವಳು, ಅಲ್ಲಿ ಎಲ್ಲರೂ ಗೌರವಿಸುವ ಹೆಂಗಸು. ಜಗಳವೇಕೆ, ತಾನೊಂದು ಸಲ ಓಡಿಸಿ ನೋಡುತ್ತೇನೆ, ಕಾರಿನಲ್ಲಿ ಏನು ದೋಷವಿದೆಯೆಂದು ಗೊತ್ತಾಗುತ್ತದೆ ಎಂದಳು.

ಓರ್ವಿಲ್ ಮೊದಲ ಬಾರಿಗೆ ಗಾಬರಿಯಾದ. "ಬೇಡ ಡಾರ್ಲಾ. ಬಿಟ್ಟುಬಿಡು. ತಪ್ಪು ನಂದೇ ಅಂತ ಒಪ್ಕೊಂಡ್ನಲ್ಲ."

"ನೋಡಿ, ಹೇಗೆ ಹೆದರ್ತಾನೆ," ಎಂದ ವೆಂಡೆಲ್ ಎಲ್ಲರ ಕಡೆ ತಿರುಗಿ. ತನ್ನ ಹೆಲ್ಮೆಟ್ಟನ್ನು ತಾನೇ ಡಾರ್ಲಾಳ ಕೈಗೆ ಕೊಟ್ಟ. ಬೆಳಗಿನಿಂದ ಯಾರೂ ಕಾರನ್ನು ಮುಟ್ಟಿಲ್ಲ, ಈಗಲೂ ಮುಟ್ಟಕೂಡದು ಎಂದು ತಾಕೀತು ಮಾಡಿದ.

ಹಸಿರು ದೀಪ ಹತ್ತಿತು. ಕಾರು ಹಾರಿತು. ಅರ್ಧ ದಾರಿ ಬಂತು, ಇಂಜಿನ್ನಿನ ಕೂಗು ಇಳಿಯಲಿಲ್ಲ. ಮುಕ್ಕಾಲು ದಾರಿ ಬಂತು, ಆಗಲೂ ಇಳಿಯಲಿಲ್ಲ. ಗೆರೆ ದಾಟುವವರೆಗೂ ಅದು ಒಂದೇ ಸ್ವರದಲ್ಲಿ ಅರಚಿತು. ಫಲಕದಲ್ಲಿ ಎಂಟೂವರೆ ಸೆಕೆಂಡು ಮೂಡಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ವೆಂಡೆಲ್‌ನತ್ತ ನೋಡಿ, ಕೂಡಲೇ ಬೇರೆ ಕಡೆ ನೋಡಿದರು. ಹಾಲಿನ ಗಾಡಿಯ ಮಾತಾಡಿದವನು ಕೂಡ ತನ್ನ ಕಾಫಿ ಲೋಟದೊಳಗೆ ಇಣುಕಿದ. ಕಾರು ಎಳೆದುಕೊಂಡು ಬಂದಾಗ ಡಾರ್ಲಾ ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು, ಕಾರಿಗೇನೂ ಆಗಿಲ್ಲ ಎಂದಷ್ಟೇ ಮೆಲ್ಲಗೆ ಹೇಳಿ ಹೊರಟುಹೋದಳು.

ವೆಂಡೆಲ್ ನಿಂತಲ್ಲೇ ನಿಂತ. ಅರ್ಧ ದಾರಿಯ ನಂತರ ತನಗೆ ಏನು ನೆನಪಿದೆ ಎಂದು ಮೊದಲ ಬಾರಿಗೆ ಕೇಳಿಕೊಂಡ. ಎದುರಿನ ಇಂಜಿನ್ನಿನ ಬೆಂಕಿ, ಮುಖಕ್ಕೆ ರಾಚುವ ಬಿಸಿ, ಇನ್ನೇನು ಸಿಡಿಯಿತು ಎನ್ನಿಸುವ ಆ ಸದ್ದು. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿಯೇ ಇತ್ತೆಂದು ಅವನು ಎಲ್ಲರಿಗೂ ಹೇಳಿದ್ದ. ಒತ್ತಿದ್ದು ನೆನಪಿಗೆ ಬರಲಿಲ್ಲ.

ಮೆಟ್ಟಿಲುಗಳ ಮೇಲಿದ್ದ ತಂಗಿಯ ಮನೆಯವರತ್ತ ತಲೆಯೆತ್ತದೆ, ಕಾರು ಹೇರಿಕೊಂಡು ಬಂದಿದ್ದ ಟ್ರೇಲರಿನ ಹಿಂಬದಿಗೆ ಹೋದ. ಓರ್ವಿಲ್ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಯಾವಾಗ ಗೊತ್ತಾಯ್ತು ನಿನಗೆ?"

"ಮೊದಲನೇ ಸಲವೇ. ಬೇಲಿ ಹತ್ರ ನಿಂತಿದ್ನಲ್ಲ, ಸದ್ದು ಕೇಳಿಸ್ತು."

ವೆಂಡೆಲ್‌ಗೆ ಕ್ಷಮೆ ಕೇಳಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆಯೇ. "ಗೊತ್ತಿದ್ದೂ ಆ ಕ್ಲಾಸಿಗೆ ಯಾಕೆ ಹಾಕ್ದೆ? ನನ್ನ ಮಾನ ಹೋಗಲಿ ಅಂತಾನಾ?"

ಓರ್ವಿಲ್ ಪೆಟ್ಟಿಗೆಯ ಮುಚ್ಚಳ ಹಾಕಿದ. ಅವನ ಮುಖ ನೋಡದೆಯೇ ಹೇಳಿದ:

"ಅಲ್ಲಿ ಹತ್ತಕ್ಕಿಂತ ಬೇಗ ಹೋಗಬಾರದು ಅಂತ ಎಲ್ಲರೂ ಅರ್ಧ ದಾರೀಲಿ ಕಾಲು ಎತ್ತಲೇಬೇಕು ಕಣೋ. ನಿನ್ನದು ಯಾರಿಗೂ ಗೊತ್ತಾಗ್ತಿರಲಿಲ್ಲ."