ಮೂರನೆಯ ಅಂಕದ ಹೆಂಡತಿ

ಸನ್ಮಾನದ ಶಾಲು ಹೊದ್ದುಕೊಂಡೇ ಮುರಾರಿ ಪರದೆಯ ಹಿಂದೆ ಬಂದಾಗ, ಮುಂಬಯಿ ಬಳಿಯ ಡೊಂಬಿವಲಿಯ ಆ ಹಾಲ್‌ನ ಮ್ಯಾನೇಜರ್, ನಾಲ್ಕಕ್ಕೆ ಬೇರೆಯವರ ಕಾರ್ಯಕ್ರಮವಿದೆಯೆಂದು ಕೈಗಡಿಯಾರ ತೋರಿಸಿದ. "ಚಾರ್ ಬಜೇ ದೂಸ್ರಾ ಪ್ರೋಗ್ರಾಮ್ ಹೈ, ಸೇಠ್. ಹಾಲ್ ಖಾಲಿ ಕರೋ."

ಮುರಾರಿ ಬರೆದು ಆಡಿಸುತ್ತಿದ್ದ ನಾಟಕಕ್ಕೆ ಮೂರು ಅಂಕ, ಮುಗಿದದ್ದು ಎರಡೇ. ಆ ಎರಡರಲ್ಲೂ ಎಲ್ಲರೂ ಮನೆಯ ಯಜಮಾನನ ಹೆಂಡತಿಯ ಬಗ್ಗೆ ಆಡಿಕೊಳ್ಳುತ್ತಾರೆ, ಅವಳು ಮಾತ್ರ ಕಾಣಿಸುವುದಿಲ್ಲ. ರಂಗಕ್ಕೆ ಬಂದು ಅವಳು ಬಾಯಿ ಬಿಡುವುದು ಮೂರನೆಯದರಲ್ಲಿ. ಆ ಪಾತ್ರ ಮುರಾರಿಯ ಹೆಂಡತಿ ಸತ್ಯಭಾಮಾಳದ್ದು. ಪಕ್ಕದ ಕಲ್ಯಾಣದಲ್ಲಿದ್ದ ತಮ್ಮ ಹೋಟೆಲಿನಲ್ಲಿ ಗ್ರೈಂಡರಿನ ಸದ್ದಿನ ಮೇಲೆ ಸ್ವರ ಎತ್ತಿ, ಎರಡು ತಿಂಗಳು ಅವಳು ಮಾತು ಬಾಯಿಪಾಠ ಮಾಡಿದ್ದಳು. ಎರಡನೆಯ ಅಂಕದ ನಂತರ ನಾಟಕ ಏರ್ಪಡಿಸಿದ್ದ ಕನ್ನಡ ಸಂಘದವರು ಮುರಾರಿಯ ಸನ್ಮಾನಕ್ಕೆಂದು ಇಟ್ಟದ್ದು ಹತ್ತೇ ನಿಮಿಷ. ಊರು ಬಿಟ್ಟು ಬಂದದ್ದರಿಂದ ಹಿಡಿದು ಸಂಸಾರದವರೆಗೆ ಅವನೊಬ್ಬನೇ ಮುಕ್ಕಾಲು ಗಂಟೆ ಮಾತಾಡಿದ್ದ.

ಮೂರನೆಯ ಅಂಕ ಇಲ್ಲವೆಂದು ಮೈಕಿನಲ್ಲಿ ಅವನೇ ಹೇಳಬೇಕಾಯಿತು. ಯಾರೂ ಬೇಸರಪಡಲಿಲ್ಲ. ಜನ ಎದ್ದು ಸ್ಟೇಷನ್ನಿನ ಕಡೆ ಹೊರಟರು.

ಸತ್ಯಭಾಮಾ ಸೈಡ್‌ವಿಂಗಿನಲ್ಲೇ ಇದ್ದಳು, ಮುದುಕಿಯ ವೇಷದಲ್ಲಿ, ಕೂದಲಿಗೆ ಬಿಳಿ ಪೌಡರ್ ಹಚ್ಚಿಕೊಂಡು. ಅವಳ ಮುಖ ನೋಡಲು ಮುರಾರಿಗೆ ಧೈರ್ಯ ಬರಲಿಲ್ಲ. "ತಪ್ಪಾಯ್ತು ಮಾರಾಯ್ತಿ. ಮುಂದಿನ ಸರ್ತಿ ಮೂರೂ ಅಂಕ ಆಡುವ" ಎಂದ. ಅವಳು ಅವನ ಹೆಗಲಿನಿಂದ ಶಾಲು ಎಳೆದುಕೊಂಡು ತಲೆಯ ಪೌಡರ್ ಒರೆಸತೊಡಗಿದಳು.

"ನಿಮ್ಮ ಭಾಷಣ ಇಲ್ಲಿಂದಲೇ ಕೇಳಿದೆ ಮಾರಾಯ್ರೆ" ಎಂದಳು. "'ನನ್ನ ಹೆಂಡತಿಗೆ ಮಾತೇ ಕಡಿಮೆ' ಅಂದ್ರಿ. ಜನ ಚಪ್ಪಾಳೆ ಹೊಡೆದ್ರು."